ನಮ್ಮೂರಿನ ಚಳಿ, ಸೆಕೆ ನೋಡಿ ಜಾಗತಿಕ ತಾಪಮಾನದ ಬಗ್ಗೆ ಎಂತಾದ್ರೂ ಹೇಳ್ಲಿಕ್ಕಾಗ್ತದಾ?

ಎಣ್ಮಕಜೆ ಅಡಿಕೆಮಂಡೆ:
ಎಲ್ರಿಗೂ ನಮಸ್ಕಾರ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ದೊಡ್ಡ ಜಗಳ ನಡೀತಾ ಉಂಟು, ಇಲ್ಲಿ ತಿಳಿದವರಿದ್ದಾರೆ ಅಂತ ಕೇಳ್ತಿದ್ದೇನೆ. ಬೆಳಗ್ಗಿನ ಜಾವ ದೇವಸ್ಥಾನದ ಧನುಪೂಜೆಗೆ ಹೋಗಿ ಬಂದ ದೊಡ್ಡ ಭಾವ ಮಫ್ಲರ್ ಸುತ್ತಿಕೊಂಡ ಫೋಟೋ ಹಾಕಿ, "ಎಲ್ಲುಂಟು ಮಾರಾಯ್ರೆ ನಿಮ್ಮ ಗ್ಲೋಬಲ್ ವಾರ್ಮಿಂಗು? ಇಲ್ಲಿ ಹಲ್ಲು ಕಟಕಟ ಹೇಳ್ತಾ ಉಂಟು" ಅಂತ ಬರೆದ್ರು. ಇದೇ ಭಾವ ಹೋದ ಏಪ್ರಿಲಿನಲ್ಲಿ ಮಿಡಿ ಅಡಿಕೆ ಉದುರಿ ತೋಟದಲ್ಲಿ ರಾಶಿ ಬಿದ್ದಾಗ "ಎಲ್ಲ ಗ್ಲೋಬಲ್ ವಾರ್ಮಿಂಗ್, ನಾವೇ ಮಾಡಿಕೊಂಡ ಪಾಪ" ಅಂದವರು. ನಾನು ಎರಡು ಮೆಸೇಜನ್ನೂ ಒಟ್ಟಿಗೆ ಹಾಕಿದೆ. ಈಗ ಭಾವ ನನ್ನ ಹತ್ರ ಮಾತಾಡುವುದಿಲ್ಲ.

ತಮಾಷೆ ಬಿಡಿ. ನನ್ನ ಪ್ರಶ್ನೆ ಇಷ್ಟೇ: ನಮ್ಮ ಕಾಸರಗೋಡಿನ ಪೆರ್ಲದಲ್ಲೋ ಬದಿಯಡ್ಕದಲ್ಲೋ ಒಂದು ವರ್ಷ ಚಳಿ ಜೋರಾದ್ರೆ, ಸೆಕೆ ಜೋರಾದ್ರೆ, ಮಳೆ ಮೊದಲೇ ಬಂದ್ರೆ, ಅದರಿಂದ ಇಡೀ ಭೂಮಿ ಬಿಸಿಯಾಗ್ತಾ ಉಂಟೋ ಇಲ್ಲವೋ ಅಂತ ಹೇಳ್ಲಿಕ್ಕಾಗ್ತದಾ? ಆಗುವುದಿಲ್ಲ ಅಂತಾದ್ರೆ ಪೇಪರಿನವರು ಪ್ರತಿ ನೆರೆಗೂ "ಹವಾಮಾನ ಬದಲಾವಣೆ" ಅಂತ ಬರೆಯುವುದು ಎಂತಕ್ಕೆ?

ಬದಿಯಡ್ಕ ಬಸ್‌ಸ್ಟ್ಯಾಂಡ್:
ನಿಮ್ಮ ಭಾವನಿಗೆ ಎರಡು ಸಿಮ್ ಉಂಟು ಅಂತ ಕಾಣ್ತದೆ. ಒಂದು ಏಪ್ರಿಲ್‌ಗೆ, ಒಂದು ಡಿಸೆಂಬರ್‌ಗೆ.

ಹಳೇ ಕಾಲದವ:
ಭಾವ ಈಗ ಹೇಳಿದ್ದೇ ಸರಿ. ಈ ಗ್ಲೋಬಲ್ ವಾರ್ಮಿಂಗ್ ಎಲ್ಲ ಪೊಕ್ಕಡೆ ಮಾತು. 1923ರಲ್ಲಿ ನೇತ್ರಾವತಿಯ ಬೊಳ್ಳ (ನೆರೆ) ಬಂಟ್ವಾಳ, ಪಾಣೆಮಂಗಳೂರನ್ನು ತೊಳೆದುಕೊಂಡು ಹೋಯ್ತು. ಮರುವರ್ಷ, 1924ರ ಜುಲೈಯಲ್ಲಿ, ಅತ್ತ ಕೇರಳ ಮುಳುಗಿತು. ಮಲಯಾಳದವರು ಇವತ್ತಿಗೂ ಅದನ್ನು '99ರ ನೆರೆ' ಅಂತಲೇ ಹೇಳುವುದು, ಕೊಲ್ಲವರ್ಷ 1099 ಆಗಿತ್ತಲ್ಲ. 1974ರಲ್ಲಿ ಪುನಃ ಬಂಟ್ವಾಳಕ್ಕೆ ನೀರು ನುಗ್ಗಿತು. ಆವಾಗ ಯಾರ ಮನೆಯಲ್ಲಿ ಕಾರಿತ್ತು, ಯಾರ ಮನೆಯಲ್ಲಿ ಎಸಿ ಇತ್ತು? ಪ್ರಕೃತಿಗೆ ಅದರದ್ದೇ ಲೆಕ್ಕ ಉಂಟು. ಈಗ ನಾಲ್ಕು ಹನಿ ಹೆಚ್ಚು ಬಿದ್ರೆ ಟೀವಿಯವರಿಗೆ ಹಬ್ಬ.

ಮುಳ್ಳೇರಿಯ ಮಾಸ್ಟ್ರು:
ನಿವೃತ್ತ ವಿಜ್ಞಾನ ಮಾಸ್ಟ್ರು ನಾನು, ಸ್ವಲ್ಪ ಉದ್ದ ಆಗ್ತದೆ, ಸಹಿಸಿಕೊಳ್ಳಿ.

ಇವತ್ತು ಬೆಳಗ್ಗೆ ಚಳಿ, ಮಧ್ಯಾಹ್ನ ಬಿಸಿಲು ಅಂತ ನಾವು ಹೇಳುವುದು ಹವೆಯ ಸಂಗತಿ. ಹವಾಮಾನ ಅಂತ ತೀರ್ಮಾನ ಮಾಡ್ಬೇಕಾದ್ರೆ ಕನಿಷ್ಠ 30 ವರ್ಷದ ಸರಾಸರಿ ಬೇಕು. ವಿಶ್ವ ಹವಾಮಾನ ಸಂಸ್ಥೆ ಇಟ್ಟುಕೊಂಡ ನಿಯಮ ಅದು. ಈಗ ಹೋಲಿಕೆಗೆ 1991ರಿಂದ 2020ರವರೆಗಿನ ಸರಾಸರಿ ಬಳಸ್ತಾರೆ.

ಇನ್ನು ಜಾಗದ ಲೆಕ್ಕ. ಕಾಸರಗೋಡು ಜಿಲ್ಲೆಯ ವಿಸ್ತೀರ್ಣ 1,992 ಚದರ ಕಿಲೋಮೀಟರ್. ಭೂಮಿಯ ಮೇಲ್ಮೈ ಸುಮಾರು 51 ಕೋಟಿ ಚದರ ಕಿಲೋಮೀಟರ್. ಭಾಗಿಸಿ ನೋಡಿ, ಎರಡೂವರೆ ಲಕ್ಷ ಕಾಸರಗೋಡು ಜೋಡಿಸಿದ್ರೆ ಒಂದು ಭೂಮಿ ಆಗ್ತದೆ. ಅಷ್ಟು ಕಾಸರಗೋಡುಗಳಲ್ಲಿ ಒಂದರಲ್ಲಿ, ಅದೂ ಒಂದು ದೇವಸ್ಥಾನದ ಅಂಗಳದಲ್ಲಿ, ಬೆಳಗ್ಗೆ ಐದು ಗಂಟೆಗೆ ಮಫ್ಲರ್ ಬೇಕಾಯ್ತು ಅಂದ್ರೆ ಉಳಿದ ಕಡೆಯ ಕಥೆ ಎಂತ ಗೊತ್ತಾಯ್ತು?

ನಿಮ್ಮ ಭಾವನನ್ನು ತುಂಬ ಬೈಯ್ಬೇಡಿ. 2015ರ ಫೆಬ್ರವರಿಯಲ್ಲಿ ಅಮೆರಿಕದ ಸೆನೆಟರ್ ಜೇಮ್ಸ್ ಇನ್‌ಹೋಫ್ ಹೊರಗಿನಿಂದ ಒಂದು ಹಿಮದ ಉಂಡೆ ತಂದು ಸದನದಲ್ಲೇ ಎಸೆದ್ರು. ವಾಷಿಂಗ್ಟನ್‌ನಲ್ಲಿ ಇಷ್ಟು ಚಳಿ ಇರುವಾಗ ಭೂಮಿ ಬಿಸಿಯಾಗುವುದು ಹೇಗೆ ಅಂತ ಅವರ ವಾದ. ಭಾವ ಕಡೇಪಕ್ಷ ಏನನ್ನೂ ಎಸೆಯಲಿಲ್ಲ.

ಬಾಯಾರು ಟು ಬೆಂಗಳೂರು:
ಮಾಸ್ಟ್ರು ಹೇಳಿದ್ದು ಸರಿ. ನಾನು ದತ್ತಾಂಶದ ಕೆಲಸ ಮಾಡುವವ, ನನಗೆ ಇದು ಅಡಿಕೆ ಧಾರಣೆಯ ಹಾಗೆ ಕಾಣ್ತದೆ. ಒಂದು ಸೋಮವಾರ ಕಿಲೋಗೆ ಐದು ರೂಪಾಯಿ ಇಳಿಯಿತು ಅಂತ ಹತ್ತು ವರ್ಷದಿಂದ ಬೆಲೆ ಏರಿದ್ದು ಸುಳ್ಳಾಗ್ತದಾ?

2024ರಲ್ಲಿ ಭೂಮಿಯ ಸರಾಸರಿ ಉಷ್ಣತೆ 1850-1900ರ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚಿತ್ತು, ಅಳತೆ ಶುರುವಾದಂದಿನಿಂದ ಅದೇ ಅತಿ ಬಿಸಿಯ ವರ್ಷ. ನಮ್ಮ ಹವಾಮಾನ ಇಲಾಖೆಯ ಲೆಕ್ಕದಲ್ಲೂ 1901ರಿಂದೀಚೆಗೆ ಭಾರತದಲ್ಲಿ 2024ರಷ್ಟು ಬಿಸಿ ವರ್ಷ ಇನ್ನೊಂದಿಲ್ಲ, 1991-2020ರ ಸರಾಸರಿಗಿಂತ 0.65 ಡಿಗ್ರಿ ಮೇಲೆ. ಆ ವರ್ಷವೂ ಎಲ್ಲೋ ಒಂದು ಊರಲ್ಲಿ ಒಂದು ದಿನ ವಿಪರೀತ ಚಳಿ ಇದ್ದೇ ಇರ್ತದೆ.

ನೀರ್ಚಾಲಿನ ಅಕ್ಕ:
ತಮ್ಮಾ, ಧಾರಣೆ ಇಳಿದ್ರೆ ನಾನು ಅಡಿಕೆಯನ್ನು ಗೋಣಿಯಲ್ಲಿ ಕಟ್ಟಿ ಅಟ್ಟದಲ್ಲಿ ಇಟ್ಟು ಕಾಯ್ಬಹುದು. ಮಳೆಯನ್ನು ಎಲ್ಲಿ ಕಟ್ಟಿ ಇಡುವುದು?

ನೀವಿಬ್ಬರೂ 30 ವರ್ಷ, 30 ವರ್ಷ ಅಂತೀರಿ. ತೋಟದಲ್ಲಿ ಇರುವವರಿಗೆ 30 ವರ್ಷ ಕಾಯ್ಲಿಕ್ಕೆ ಪುರುಸೊತ್ತಿಲ್ಲ. 2023ರಲ್ಲಿ ಮುಂಗಾರು ಕೇರಳಕ್ಕೆ ಮುಟ್ಟಿದ್ದು ಜೂನ್ 8ಕ್ಕೆ. ಆ ಆಗಸ್ಟಿನಲ್ಲಿ ಮಳೆಯೇ ಇಲ್ಲ, ಇಡೀ ದೇಶಕ್ಕೆ 1901ರಿಂದ ಅಷ್ಟು ಒಣ ಆಗಸ್ಟ್ ಬಂದದ್ದಿಲ್ಲ ಅಂತ ಪೇಪರಿನಲ್ಲಿ ಬಂತು. ಆಟಿ ತಿಂಗಳಲ್ಲಿ ಸ್ಪ್ರಿಂಕ್ಲರ್ ಹಾಕುವ ಯೋಚನೆ ಮಾಡಿದ್ದೇವೆ ಅಂದ್ರೆ ನಮ್ಮ ಅಜ್ಜಿ ನಂಬ್ತಿರಲಿಲ್ಲ. 2025ರಲ್ಲಿ ಪೂರಾ ಉಲ್ಟಾ, ಮೇ 24ಕ್ಕೇ ಮುಂಗಾರು. ಮಹಾಳಿಗೆ, ಅಂದ್ರೆ ಅಡಿಕೆಯ ಕೊಳೆರೋಗಕ್ಕೆ, ಮೊದಲ ಮದ್ದು ಬಿಡುವುದು ಮಳೆ ಹಿಡಿಯುವ ಮೊದಲು. ಮೈಲುತುತ್ತು, ಸುಣ್ಣ ಎಲ್ಲ ತಂದಿಟ್ಟಾಗಿತ್ತು, ನೂರು ಲೀಟರಿಗೆ ಒಂದೊಂದು ಕಿಲೋ ಲೆಕ್ಕದಲ್ಲಿ. ಮದ್ದು ಬಿಡುವವರು "ಬರುವ ವಾರ ಅಕ್ಕಾ" ಅಂದಿದ್ರು. ಬರುವ ವಾರ ಬಂದದ್ದು ಜಡಿಮಳೆ. ಆ ಬೋರ್ಡೋ ದ್ರಾವಣ ಹಿಡಿಯಬೇಕಾದ್ರೆ ಗೊನೆ ಒಣಗಿರಬೇಕು, ಹೊಡೆದ ಮೇಲೆ ಸ್ವಲ್ಪ ಹೊತ್ತು ಬಿಸಿಲು ಬೇಕು. ಮೋಡ ಬಿಡುವುದನ್ನೇ ಕಾದು ಕಾದು ಕಡೆಗೆ ಮಧ್ಯಾಹ್ನ ಎರಡು ಗಂಟೆ ಬಿಸಿಲು ಸಿಕ್ಕಿತು ಅಂತ ಹೊಡೆಸಿದ್ದು, ಸಂಜೆಗೆ ನೀಲಿ ನೀರು ಕಾಂಡದಲ್ಲಿ ಇಳಿದು ಬುಡಕ್ಕೆ ಬಂತು. ಆಮೇಲೆ ಬಿದ್ದ ಕಾಯಿಗಳನ್ನು ಹೆಕ್ಕಿದ್ದೇ ಹೆಕ್ಕಿದ್ದು, ಮೇಲೆ ಬಿಳಿ ಬೂಸುರು, ಕೈಗೆ ಕೊಳೆತ ವಾಸನೆ.

ಇದು ಗ್ಲೋಬಲ್ ಅಲ್ಲ, ಬರೀ ಹವೆ ಅಂತ ಹೇಳಿದ್ರೆ ನನಗೆ ಸಮಾಧಾನ ಆಗ್ಬೇಕಾ?

ಎಣ್ಮಕಜೆ ಅಡಿಕೆಮಂಡೆ:
ಅಕ್ಕಾ, ನಮ್ಮಲ್ಲೂ ಅದೇ ಕಥೆ. ಮದ್ದು ಬಿಡ್ಲಿಕ್ಕೆ ಜನ ಸಿಕ್ಕದ್ದು ಬೇರೆ ತಲೆಬಿಸಿ. ಕೆಳಗೆ ನಿಂತೇ ಮದ್ದು ಬಿಡುವ ಉದ್ದದ ಫೈಬರ್ ದೋಟಿ ತಗೊಳ್ಳುವ ಅಂತ ಉಂಟು, ಯಾರಾದ್ರೂ ಬಳಸಿದವರಿದ್ದಾರಾ?

ಹಳೇ ಕಾಲದವ:
ಅಕ್ಕ, ಮೇ 24 ಅಂದ್ರೆ ಎಂತ? ಪತ್ತನಾಜೆ ಹೊತ್ತು, ತುಳುವರ ಬೇಷ ತಿಂಗಳ ಹತ್ತನೇ ದಿನ! 'ಪತ್ತನಾಜೆಗ್ ಪತ್ತ್ ಪನಿ' ಅಂತ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಗೆಜ್ಜೆ ಬಿಚ್ಚಿ ಯಕ್ಷಗಾನ ಮೇಳದವರು ಮನೆಗೆ ಹೋಗುವ ದಿನ ಮಳೆ ಬರ್ಲೇಬೇಕು. ಬಂತು. ಹಳೆ ಪಂಚಾಂಗ ಪ್ರಕಾರವೇ ಬಂದದ್ದನ್ನು ನೀವು ವಿಪರೀತ ಅಂತೀರಿ.

ನೀರ್ಚಾಲಿನ ಅಕ್ಕ:
ಹತ್ತು ಹನಿ ಅಂತ ಹಿರಿಯರು ಹೇಳಿದ್ದು. ಹತ್ತು ಕೊಡಪಾನ ಅಂತ ಹೇಳ್ಲಿಲ್ಲ.

ಮುಳ್ಳೇರಿಯ ಮಾಸ್ಟ್ರು:
ಪತ್ತನಾಜೆಗೆ ಬರುವುದು ಮುಂಗಾರಿಗೆ ಮೊದಲಿನ ಗುಡುಗು ಮಳೆ, ಅದಕ್ಕೆ ಮತ್ತು ಮುಂಗಾರಿಗೆ ವ್ಯತ್ಯಾಸ ಉಂಟು. ಆದ್ರೆ ಒಂದು ವಿಷಯದಲ್ಲಿ ನಾನು ಹಿರಿಯರ ಕಡೆಗೇ. ಕೇರಳಕ್ಕೆ ಮುಂಗಾರು ಮುಟ್ಟುವ ವಾಡಿಕೆ ದಿನ ಜೂನ್ 1. 2025ರಲ್ಲಿ ಮೇ 24, ಸರಿ. ಆದ್ರೆ 2009ರಲ್ಲಿ ಮೇ 23ಕ್ಕೇ ಬಂದಿತ್ತು. ಒಂದು ವರ್ಷ ಬೇಗ, ಒಂದು ವರ್ಷ ತಡ ಆಗುವುದು ಯಾವಾಗಲೂ ಇದ್ದದ್ದೇ. 2023ರ ಒಣ ಆಗಸ್ಟಿಗೆ ದೊಡ್ಡ ಕಾರಣ ಎಲ್ ನಿನೋ, ಅಂದ್ರೆ ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವುದು. ಮುಂಗಾರು ಬಂದ ತಾರೀಕು ಒಂದನ್ನೇ ಹಿಡಿದು ತಾಪಮಾನ ಏರಿಕೆಗೆ ಸಾಕ್ಷಿ ಅಂತ ಹೇಳಿದ್ರೆ ಅದೂ ಹಿಮದ ಉಂಡೆ ಎಸೆದ ಹಾಗೇ.

ಹಾಗಂತ ಊರಿನ ಹವೆ ಏನೂ ಹೇಳುವುದಿಲ್ಲ ಅಂತಲ್ಲ. ಒಂದು ಊರಿನ ಒಂದು ದಿನ ಹೇಳುವುದಿಲ್ಲ. ಸಾವಿರಾರು ಊರುಗಳ ಎಷ್ಟೋ ವರ್ಷದ ದಿನಗಳನ್ನು ಒಟ್ಟಿಗೆ ಇಟ್ಟರೆ ಹೇಳ್ತದೆ. ಜಾಗತಿಕ ಸರಾಸರಿ ಅಂತ ಬೇರೆ ಎಲ್ಲಿಂದಲೋ ಇಳಿದು ಬರುವುದಿಲ್ಲ ಮಾರಾಯ್ರೆ, ನಮ್ಮಂಥ ಊರುಗಳಲ್ಲಿ ಯಾರೋ ದಿನಾ ಬರೆದಿಟ್ಟದ್ದೇ ಅದು. ಭಾರತದ ಹವಾಮಾನ ಇಲಾಖೆ 1875ರಿಂದ ಉಂಟು. ನಾವು 1956ರ ತನಕ ದಕ್ಷಿಣ ಕನ್ನಡದಲ್ಲಿ, ಮದ್ರಾಸ್ ಕೈಕೆಳಗೆ ಇದ್ದೆವು. ಗಡಿ ಬದಲಾದ್ರೂ ಥರ್ಮಾಮೀಟರಿಗೆ ಗೊತ್ತಾಗುವುದಿಲ್ಲ.

ಬದಿಯಡ್ಕ ಬಸ್‌ಸ್ಟ್ಯಾಂಡ್:
ಥರ್ಮಾಮೀಟರಿಗೆ ಗೊತ್ತಾಗುವುದಿಲ್ಲ, ಆದ್ರೆ ಎಚ್ಚರಿಕೆ ಮೆಸೇಜಿಗೆ ಗೊತ್ತಾಗ್ತದೆ. ನನ್ನ ಅಮ್ಮನ ಫೋನಿಗೆ ಬರುವುದೆಲ್ಲ ಮಲಯಾಳದಲ್ಲಿ. ಅವರಿಗೆ ಓದ್ಲಿಕ್ಕೆ ಬರುವುದು ಕನ್ನಡ ಮಾತ್ರ. ರೆಡ್ ಅಲರ್ಟ್ ದಿನ ನಾನು ಫೋನ್ ಮಾಡಿ ಓದಿ ಹೇಳ್ಬೇಕು.

ಉಪ್ಪಳ ಎಕ್ಸ್‌ಪ್ರೆಸ್:
ಇದಕ್ಕೆ ನೂರು ಲೈಕ್. ಭಾಷಾ ಅಲ್ಪಸಂಖ್ಯಾತರ ಪ್ರದೇಶ ಅಂತ ಕಾಗದದಲ್ಲಿ ಉಂಟು, ಮಳೆ ಬರುವಾಗ ಇಲ್ಲ. ಶಾಲೆಗಳಲ್ಲೂ ಹಾಗೇ, ಕನ್ನಡ ಮಾಧ್ಯಮಕ್ಕೆ...

ನಿರ್ವಾಹಕ:
ಶಾಲೆಯ ವಿಷಯಕ್ಕೆ ಬೇರೆ ಚರ್ಚೆ ಉಂಟು, ಅಲ್ಲಿ ಬರೆಯಿರಿ. ಇಲ್ಲಿ ಹವೆ.

ಬದಿಯಡ್ಕ ಬಸ್‌ಸ್ಟ್ಯಾಂಡ್:
ಹವೆ ಅಂದ್ರೆ, ಕಲೆಕ್ಟರ್ ಮಳೆ ರಜೆ ಕೊಟ್ಟ ದಿನ ಬಿಸಿಲು ಬರುವುದು ಮಾತ್ರ 30 ವರ್ಷದ ಸರಾಸರಿಯಲ್ಲೂ ಬದಲಾಗಲಿಲ್ಲ. ಇದಕ್ಕೆ ವಿಜ್ಞಾನದಲ್ಲಿ ಉತ್ತರ ಉಂಟಾ ಮಾಸ್ಟ್ರೇ?

ಕುಂಬಳೆ ಗಲ್ಫ್:
ನಾನು ದುಬೈಯಲ್ಲಿ. 2024ರ ಏಪ್ರಿಲ್ 16 ನೆನಪುಂಟಾ? ಇಲ್ಲಿ ಮೂರನೇ ಮಹಡಿಯಿಂದ ನೋಡುವಾಗ ರಸ್ತೆಯೇ ಇಲ್ಲ, ಕಾರುಗಳ ಮಾಡು ಮಾತ್ರ ಕಾಣ್ತಾ ಇತ್ತು. ಅಲ್ ಐನ್ ಹತ್ರ ಒಂದು ಕಡೆ 24 ಗಂಟೆಯೊಳಗೆ 254 ಮಿಲಿಮೀಟರ್. ಯುಎಇಯಲ್ಲಿ ಲೆಕ್ಕ ಬರೆಯಲು ಶುರು ಮಾಡಿದ 1949ರಿಂದ ಅಷ್ಟು ಮಳೆ ಬಂದದ್ದೇ ಇಲ್ಲ. ಊರಿನಿಂದ ಎಲ್ರೂ ಫೋನ್ ಮಾಡಿ "ಮೋಡ ಬಿತ್ತನೆ ಮಾಡಿ ಹೀಗಾಯ್ತಂತೆ, ಹೌದಾ?" ಅಂತ ಕೇಳಿದ್ದೇ ಕೇಳಿದ್ದು. ಬಿತ್ತನೆಯಿಂದ ಇದ್ದ ಮೋಡದಲ್ಲಿ ಸ್ವಲ್ಪ ಹೆಚ್ಚು ಮಳೆ ಬರಿಸ್ಬಹುದೇ ಹೊರತು ಇಡೀ ಮಳೆಯನ್ನು ಆಕಾಶದಲ್ಲಿ ತಯಾರು ಮಾಡ್ಲಿಕ್ಕಾಗುವುದಿಲ್ಲ. ಒಮಾನಿನಲ್ಲೂ ಅದೇ ಮಳೆ ಜನರನ್ನು ಕೊಂದಿತು, ಬಂದದ್ದು ದೊಡ್ಡ ಮಾರುತದ ಮೋಡ.

ಹಳೇ ಕಾಲದವ:
ಮರುಭೂಮಿಯಲ್ಲಿ ಮಳೆ ಬಂದ್ರೆ ಒಳ್ಳೆಯದೇ ಆಯ್ತಲ್ಲ.

ಕುಂಬಳೆ ಗಲ್ಫ್:
ನಮ್ಮ ಅಂಗಡಿಯ ನೆಲಮಾಳಿಗೆಯಲ್ಲಿ ಸೊಂಟದಷ್ಟು ನೀರು ನಿಂತಿತ್ತು ಅಜ್ಜಾ. ಒಳ್ಳೆಯದು ಹೇಳ್ಬೇಡಿ.

ಬಾಯಾರು ಟು ಬೆಂಗಳೂರು:
ಮೊದಲ ಪ್ರಶ್ನೆಯ ಎರಡನೇ ಭಾಗಕ್ಕೆ, ಅಂದ್ರೆ ಪ್ರತಿ ನೆರೆಗೂ ಹವಾಮಾನ ಬದಲಾವಣೆ ಅಂತ ಬರೆಯುವುದು ಸರಿಯಾ ಅನ್ನುವುದಕ್ಕೆ, ಇಲ್ಲಿ ಉತ್ತರ ಉಂಟು. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದ್ರೆ ಅದು ಸುಮಾರು 7 ಶೇಕಡ ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ತದೆ. ಸುರಿಯುವಾಗ ಅದೂ ಸೇರಿ ಸುರಿಯುತ್ತದೆ. ಈಗ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಎರಡು ಲೋಕ ನಡೆಸಿ ನೋಡ್ತಾರೆ, ಒಂದು ಈಗಿನಷ್ಟೇ ಬಿಸಿಯದ್ದು, ಇನ್ನೊಂದು ನಾವು ಕಲ್ಲಿದ್ದಲು, ಎಣ್ಣೆ ಸುಡದೇ ಇದ್ದಿದ್ದರೆ ಹೇಗಿರ್ತಿತ್ತೋ ಅಂಥದ್ದು. ಒಂದೇ ಥರದ ಮಳೆ ಎರಡರಲ್ಲೂ ಎಷ್ಟು ಸಲ, ಎಷ್ಟು ಜೋರು ಬರ್ತದೆ ಅಂತ ಹೋಲಿಸ್ತಾರೆ. 2024ರ ಜುಲೈ 30ರ ವಯನಾಡು ಭೂಕುಸಿತಕ್ಕೆ ಕಾರಣವಾದ ಮಳೆಯನ್ನು 'ವರ್ಲ್ಡ್ ವೆದರ್ ಅಟ್ರಿಬ್ಯೂಷನ್' ತಂಡ ಹೀಗೆ ಲೆಕ್ಕ ಹಾಕಿತ್ತು. ಮಳೆ ಸುಮಾರು 10 ಶೇಕಡ ಜೋರಾದದ್ದು ಹವಾಮಾನ ಬದಲಾವಣೆಯಿಂದ ಅಂತ ಬಂತು.

ಹತ್ತು ಶೇಕಡ. ಪೂರ್ತಿ ಅಲ್ಲ. ಉಳಿದ ಮಳೆ ಮುಂಗಾರಿನದ್ದೇ ಜೋರು, ಕುಸಿತಕ್ಕೆ ಆ ಗುಡ್ಡ, ಆ ಮಣ್ಣು, ಅಲ್ಲಿ ಮಾಡಿದ ಕೆಲಸವೂ ಸೇರಿತ್ತು. ಪೇಪರಿನವರು "ಎಲ್ಲದಕ್ಕೂ ಅದೇ ಕಾರಣ" ಅಂತ ಬರೆಯುವುದೂ ತಪ್ಪು, ನಮ್ಮ ಹಿರಿಯರು "ಎಂತದೂ ಇಲ್ಲ" ಅನ್ನುವುದೂ ತಪ್ಪು. 1923ರಲ್ಲಿ ನೆರೆ ಬಂದಿತ್ತು ಅಂದ್ರೆ ಈಗಿನ ನೆರೆಗೆ ಬೇರೆ ಕಾರಣ ಸೇರ್ಲಿಕ್ಕೇ ಇಲ್ಲ ಅಂತ ಆಗುವುದಿಲ್ಲವಲ್ಲ.

ಹಳೇ ಕಾಲದವ:
ಕಂಪ್ಯೂಟರಿನಲ್ಲಿ ಲೋಕ ಮಾಡುವವರು ನಾಳೆ ನಮ್ಮ ಅಂಗಳದಲ್ಲಿ ಮಳೆ ಬರ್ತದಾ ಅಂತ ಸರಿಯಾಗಿ ಹೇಳ್ಲಿ ಮೊದಲು. ಅಂಗಳದಲ್ಲಿ ಅಡಿಕೆ ಹರಗಿದ್ದೇನೆ.

ಬಾಯಾರು ಟು ಬೆಂಗಳೂರು:
ಅದು ಬೇರೆ ಪ್ರಶ್ನೆ. ನಾಳೆ ನಿಮ್ಮ ಅಂಗಳದಲ್ಲಿ ಎಂತ ಆಗ್ತದೆ ಗೊತ್ತಿಲ್ಲದಿದ್ರೂ ಮೇ ತಿಂಗಳು ಜನವರಿಗಿಂತ ಸೆಕೆ ಅಂತ ಈಗಲೇ ಹೇಳ್ತೀರಿ ಅಲ್ವಾ?

ಕಡಪ್ಪುರದವ:
ನೀವೆಲ್ಲ ಗುಡ್ಡದ ಮೇಲಿನವರು, ಆಕಾಶ ನೋಡ್ತೀರಿ. ಹೆಚ್ಚಾದ ಬಿಸಿ ಹೋಗುವುದು ಎಲ್ಲಿಗೆ ಅಂತ ಯಾರೂ ಕೇಳ್ಲಿಲ್ಲ. 90 ಶೇಕಡಕ್ಕಿಂತ ಹೆಚ್ಚು ಕಡಲಿಗೆ.

ನಾನು ಮಂಜೇಶ್ವರ ಕಡೆಯವ, ಅಪ್ಪನ ಕಾಲದಿಂದ ದೋಣಿ. ಬೂತಾಯಿ, ಅಂದ್ರೆ ಮತ್ತಿ ಮೀನಿನ ಕಥೆ ಹೇಳ್ತೇನೆ ಕೇಳಿ. ಕೇರಳದಲ್ಲಿ 2012ರಲ್ಲಿ ಹಿಡಿದದ್ದು ಸುಮಾರು 3.9 ಲಕ್ಷ ಟನ್. 2021ರಲ್ಲಿ 3,297 ಟನ್. ಬರೆದದ್ದು ಸರಿಯಾಗಿಯೇ ಉಂಟು, ಲಕ್ಷ ಬಿಟ್ಟುಹೋದದ್ದಲ್ಲ. ನಮ್ಮಲ್ಲಿ ಬೂತಾಯಿ ಇಲ್ಲದ ಊಟ ಊಟವೇ ಅಲ್ಲ, ಆ ವರ್ಷ ಒಮಾನಿನ ಐಸ್ ಮೀನು ತಂದು ಮಾರಿದ್ರು, ತಿಂದವರಿಗೆ ಗೊತ್ತು ಅದರ ರುಚಿ. ಆಮೇಲೆ ಪುನಃ ಬಂತು. ಬಂದದ್ದು ಎಷ್ಟು ಸಣ್ಣ ಅಂದ್ರೆ ಬಲೆಯಿಂದ ಬಿಡಿಸುವಾಗ ಬೆರಳಷ್ಟೂ ಇಲ್ಲ, ಹೊಟ್ಟೆಯಲ್ಲಿ ನೆಯ್ (ಕೊಬ್ಬು) ಇಲ್ಲ. ಕಾವಲಿಗೆ ಹಾಕಿದ್ರೆ ಒಣ ಎಲೆಯ ಹಾಗೆ ಸುರುಟಿಕೊಳ್ತದೆ. ಸಂಶೋಧನೆಯವರು ಎಲ್ ನಿನೋ ಅಂತಾರೆ, ನಾವು ಸಣ್ಣ ಕಣ್ಣಿನ ಬಲೆ ಹಾಕಿ ಮರಿಗಳನ್ನೆಲ್ಲ ಗೋರಿದ್ದು ಅಂತಲೂ ಹೇಳ್ತಾರೆ. ಎರಡೂ ಇರ್ಬಹುದು, ನಾನು ನಮ್ಮವರ ಪರ ವಾದ ಮಾಡುವುದಿಲ್ಲ.

ಆದ್ರೆ ತೂಫಾನ್? 2019 ಒಂದೇ ವರ್ಷ ಅರಬ್ಬಿ ಕಡಲಲ್ಲಿ ಐದು ಚಂಡಮಾರುತ: ವಾಯು, ಹಿಕ್ಕಾ, ಕ್ಯಾರ್, ಮಹಾ, ಪವನ್. ಮೊದಲೆಲ್ಲ ಚಂಡಮಾರುತ ಅಂದ್ರೆ ಆ ಕಡೆ ಬಂಗಾಳ ಕೊಲ್ಲಿಯದ್ದು, ನಮ್ಮ ಕಡಲು ಅದಕ್ಕೆ ಅಲ್ಲ ಅಂತಲೇ ಇತ್ತು. 2021ರ ಮೇಯಲ್ಲಿ ತೌಕ್ತೆ ನಮ್ಮ ಎದುರಿನಿಂದ ಉತ್ತರಕ್ಕೆ ಹೋಗುವಾಗ ದಡ ಮುಟ್ಟದೇ ಹೋಯ್ತು, ಆದ್ರೂ ಕಡಲ ಬದಿಯ ಮನೆಗಳನ್ನೂ ತೆಂಗನ್ನೂ ತಗೊಂಡೇ ಹೋಯ್ತು. ಅಂಥ ಗಾಳಿಗೆ ಬಲ ಕೊಡುವುದು ಬಿಸಿ ನೀರು. ನೀರು ಬಿಸಿಯಾಗಿದ್ದು ನನ್ನ ಕೈಗೆ ಗೊತ್ತಾಗ್ತದೆ ಅಂತ ಹೇಳಿದ್ರೆ ಸುಳ್ಳು, ಅಷ್ಟು ಸೂಕ್ಷ್ಮ ಕೈಗೆ ಗೊತ್ತಾಗುವುದಿಲ್ಲ. ಮೀನಿಗೆ ಗೊತ್ತಾಗ್ತದೆ.

ನೀರ್ಚಾಲಿನ ಅಕ್ಕ:
ನೆಯ್ ಇಲ್ಲದ ಬೂತಾಯಿ ವಿಷಯ ನಮ್ಮ ಮನೆಗೆ ಬರುವ ಕೆಲಸದವರೂ ಹೇಳ್ತಿದ್ರು. ನಾವು ತಿನ್ನುವವರಲ್ಲ, ಆದ್ರೂ ಬೇಜಾರಾಯ್ತು.

ಉಪ್ಪಳ ಎಕ್ಸ್‌ಪ್ರೆಸ್:
ಕಡಲಿನ ವಿಷಯ ಒಪ್ಪಿದೆ. ಸೆಕೆಯ ವಿಷಯ ನಾನು ಒಪ್ಪುವುದಿಲ್ಲ. ತಲಪಾಡಿಯಿಂದ ಚೆಂಗಳ ತನಕ ಹೆದ್ದಾರಿ 66 ಆರು ಪಥ ಮಾಡ್ಲಿಕ್ಕೆ ಎಷ್ಟು ಮರ ಹೋಯ್ತು! ಮೊದಲು ಕುಂಬಳೆಯಿಂದ ಉಪ್ಪಳಕ್ಕೆ ಬೈಕಿನಲ್ಲಿ ಬರುವಾಗ ನೆರಳುಂಟು, ಈಗ ಎರಡೂ ಬದಿ ಕಾಂಕ್ರೀಟ್ ಗೋಡೆ, ಮಧ್ಯದಲ್ಲಿ ನಾವು ಹುರಿದು ಹೋಗುವುದು. ಇದಕ್ಕೆ ಅಮೆರಿಕದ ಕಾರ್ಬನ್ ಕಾರಣವಾ?

ಮುಳ್ಳೇರಿಯ ಮಾಸ್ಟ್ರು:
ಅಲ್ಲ. ಅದು ಮರ ಕಡಿದದ್ದು, ಕಾಂಕ್ರೀಟ್ ಹಾಕಿದ್ದು. ಊರಿನ ಸೆಕೆಯಲ್ಲಿ ಊರಿನದ್ದೇ ಪಾಲು ಬೇರೆ ಇರ್ತದೆ. ಹಾಗಾಗಿಯೇ ಪೇಟೆ ಬೆಳೆದ ಕಡೆಯ ಅಳತೆಯನ್ನು ಸುತ್ತಲಿನ ಹಳ್ಳಿಗಳ ಅಳತೆಯ ಜೊತೆ ತಾಳೆ ನೋಡಿ ತಿದ್ದುತ್ತಾರೆ. ಹೆದ್ದಾರಿಯೇ ಇಲ್ಲದ ಕಡಲಿನ ಮೇಲೂ ಉಷ್ಣತೆ ಏರಿದೆ, ಕಾಂಕ್ರೀಟೇ ಇಲ್ಲದ ಉತ್ತರ ಧ್ರುವದಲ್ಲಿ ಎಲ್ಲ ಕಡೆಗಿಂತ ಹೆಚ್ಚು ಏರಿದೆ.

ಇನ್ನೊಂದು ಗುರುತು ಹೇಳ್ತೇನೆ. ಸೂರ್ಯನೇ ಹೆಚ್ಚು ಬಿಸಿಯಾದದ್ದು ಅಂತ ಕೆಲವರು ಹೇಳ್ತಾರಲ್ಲ, ಹಾಗಾಗಿದ್ರೆ ವಾತಾವರಣ ಮೇಲಿನಿಂದ ಕೆಳಗಿನ ತನಕ ಬಿಸಿಯಾಗ್ಬೇಕಿತ್ತು. ಆದದ್ದು ಹಾಗಲ್ಲ. ಕೆಳಗೆ ಬಿಸಿ ಏರಿದೆ, ಮೇಲಿನ ಪದರ, ಸ್ತರಗೋಳ, ತಣಿದಿದೆ. ಕೆಳಗೆ ಬಿಸಿಯನ್ನು ಏನೋ ತಡೆದು ಇಟ್ಟುಕೊಂಡಿದೆ ಅಂತ ಅದರರ್ಥ. ಹವಾಯಿ ದ್ವೀಪದ ಮೌನಾ ಲೋವಾದಲ್ಲಿ 1958ರಲ್ಲಿ ಅಳೆಯಲು ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈ ಆಕ್ಸೈಡ್ ಸುಮಾರು 315 ಇತ್ತು. ಈಗ 420 ದಾಟಿದೆ.

ಎಣ್ಮಕಜೆ ಅಡಿಕೆಮಂಡೆ:
ಮಾಸ್ಟ್ರೇ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ನಮ್ಮ ಸುರಂಗದಲ್ಲಿ ನೀರು ಮಾರ್ಚಿಗೇ ನಿಲ್ತದೆ ಈಗ. ಮೊದಲು ಮೇ ತನಕ ದಪ್ಪ ಧಾರೆ ಬರ್ತಿತ್ತು ಅಂತ ಅಪ್ಪ ಹೇಳ್ತಾರೆ. ಇದು ಯಾವ ಲೆಕ್ಕಕ್ಕೆ?

ಮುಳ್ಳೇರಿಯ ಮಾಸ್ಟ್ರು:
ಮೇಲಿನ ಪದವಿನಲ್ಲಿ ಬೋರು ಎಷ್ಟು ಹೊಡೆದಿದ್ದಾರೆ?

ಎಣ್ಮಕಜೆ ಅಡಿಕೆಮಂಡೆ:
ಲೆಕ್ಕ ಇಟ್ಟವರಿಲ್ಲ. ಒಂದು ನಮ್ಮದೂ ಉಂಟು.

ಮುಳ್ಳೇರಿಯ ಮಾಸ್ಟ್ರು:
ಹಾಗಾದ್ರೆ ಮೊದಲು ಅಲ್ಲಿಂದ ಹುಡುಕಿ. ಮುರಕಲ್ಲಿನ ಗುಡ್ಡ ಮಳೆನೀರು ಹೀರಿ ನಿಧಾನ ಬಿಡುವುದು, ಆ ಒಸರನ್ನೇ ಸುರಂಗ ಹಿಡಿಯುವುದು. ಬೋರು ಅದಕ್ಕಿಂತ ಕೆಳಗಿನಿಂದ ಎಳೆದ್ರೆ, ಮೇಲಿನ ಕಾಡು ತೆಗೆದು ರಬ್ಬರ್ ಹಾಕಿದ್ರೆ, ಒಸರು ಬೇಗ ನಿಲ್ತದೆ. ಇದನ್ನು ಹೊಗೆಯ ಮೇಲೆ ಹಾಕಿ ಕೈ ತೊಳೆದುಕೊಳ್ಳಬೇಡಿ. ಮಳೆ ಒಟ್ಟು ಅಷ್ಟೇ ಬಂದ್ರೂ ಕೆಲವೇ ದಿನದಲ್ಲಿ ಧೋ ಅಂತ ಸುರಿದ್ರೆ ನೀರು ಇಂಗದೆ ಹರಿದು ಹೋಗ್ತದೆ, ಅದೂ ಸೇರಿಕೊಂಡಿರ್ಬಹುದು.

ನೀರ್ಚಾಲಿನ ಅಕ್ಕ:
ಏತಡ್ಕ ಕಡೆ ತೋಡಿಗೆ ಕಟ್ಟ ಕಟ್ತಾರಲ್ಲ, ಆ ನೆರೆಕರೆಯ ಬಾವಿಗಳಲ್ಲಿ ನೀರು ಇಳಿಯುವುದು ತಡ ಅಂತ ಅಲ್ಲಿಗೆ ಕೊಟ್ಟ ನಮ್ಮ ತಂಗಿ ಹೇಳ್ತಾಳೆ. ನಮ್ಮಲ್ಲಿ ಕಟ್ಟಕ್ಕೆ ಕರೆದ್ರೆ "ಬೋರು ಉಂಟಲ್ಲ" ಅಂತಾರೆ.

ಹಳೇ ಕಾಲದವ:
ಇದನ್ನೇ ನಾನು ಮೊದಲಿನಿಂದ ಹೇಳುವುದು. ಬೋರು, ರಬ್ಬರು, ಜೆಸಿಬಿ. ಎಲ್ಲ ನಾವೇ ಮಾಡಿದ್ದು. ಅದಕ್ಕೆ ಗ್ಲೋಬಲ್ ಅಂತ ಹೆಸರು ಎಂತಕ್ಕೆ?

ಬಾಯಾರು ಟು ಬೆಂಗಳೂರು:
ಅಜ್ಜಾ, ಈಗ "ನಾವೇ ಮಾಡಿದ್ದು" ಅನ್ನುವ ತನಕ ಬಂದ್ರಿ. ಬೆಳಗ್ಗೆ ಪ್ರಕೃತಿಯ ಲೆಕ್ಕ ಅಂತಿದ್ರಿ.

ಹಳೇ ಕಾಲದವ:
ಬೆಳಗ್ಗೆ ಕಾಪಿ ಕುಡಿದಿರಲಿಲ್ಲ.

ಉಪ್ಪಳ ಎಕ್ಸ್‌ಪ್ರೆಸ್:
ನನ್ನ ಮೊಬೈಲ್ ಆ್ಯಪಿನಲ್ಲಿ ಹೋದ ವರ್ಷದ ಸೆಕೆಗಾಲದಲ್ಲಿ "ಅನುಭವ 43 ಡಿಗ್ರಿ" ಅಂತ ತೋರಿಸಿತು. ಸ್ಕ್ರೀನ್‌ಶಾಟ್ ಉಂಟು. ಅದು ಸಾಕ್ಷಿ ಆಗ್ತದಾ?

ಮುಳ್ಳೇರಿಯ ಮಾಸ್ಟ್ರು:
ಆಗುವುದಿಲ್ಲ. ಆ್ಯಪ್ ತೋರಿಸುವುದು ಉಪ್ಪಳದಲ್ಲಿ ಅಳೆದದ್ದಲ್ಲ, ಲೆಕ್ಕ ಹಾಕಿ ಊಹಿಸಿದ್ದು. 'ಅನುಭವ' ಅನ್ನುವುದು ತೇವಾಂಶ ಸೇರಿಸಿದ ಲೆಕ್ಕ. ಮನೆಯ ಗೋಡೆಗೆ ನೇತು ಹಾಕಿದ ಥರ್ಮಾಮೀಟರೂ ಅಷ್ಟೇ, ಅದು ಗೋಡೆಯ ಬಿಸಿಯನ್ನು ಹೇಳ್ತದೆ. ಸರಿಯಾದ ಅಳತೆಗೆ ಬಿಳಿ ಬಣ್ಣದ, ಗಾಳಿ ಆಡುವ ಪಟ್ಟಿಗಳ ಮರದ ಪೆಟ್ಟಿಗೆ ಬೇಕು, ನೆಲದಿಂದ ಸುಮಾರು ಒಂದೂಕಾಲು ಮೀಟರ್ ಎತ್ತರದಲ್ಲಿ. ಕರಾವಳಿಯಲ್ಲಿ ಅಂಥ ಅಳತೆಯಲ್ಲಿ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಾದ್ರೆ ಮಾತ್ರ ಬಿಸಿಗಾಳಿ ಅಂತ ಘೋಷಣೆ. 2025ರ ಫೆಬ್ರವರಿಯಲ್ಲೇ ಕಣ್ಣೂರು, ಕಾಸರಗೋಡು ಜಿಲ್ಲೆಗಳಿಗೆ ಅಂಥ ಎಚ್ಚರಿಕೆ ಬಂದಿತ್ತು. ಫೆಬ್ರವರಿ! ಆ ಎಚ್ಚರಿಕೆಯನ್ನು ನಾನು ಗಂಭೀರವಾಗಿ ತಗೊಳ್ತೇನೆ, ಸ್ಕ್ರೀನ್‌ಶಾಟನ್ನು ಅಲ್ಲ.

ಎಣ್ಮಕಜೆ ಅಡಿಕೆಮಂಡೆ:
ಹಾಗಾದ್ರೆ ನಮ್ಮಜ್ಜ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕವೂ ಕಸವಾ? ದಿನಾ ಬರೀತಿದ್ರು, ಈಗ ಅಪ್ಪ ಬರೀತಾರೆ. ಇತ್ತೀಚೆಗೆ ಮಳೆ ಕಡಿಮೆಯೇ ಅಂತ ಪುಸ್ತಕ ಹೇಳ್ತದೆ.

ಮುಳ್ಳೇರಿಯ ಮಾಸ್ಟ್ರು:
ಕಸ ಅಲ್ಲ, ಚಿನ್ನ. ಮೊದಲು ಅದನ್ನು ಒಂದೊಂದು ಪುಟ ಫೋಟೋ ತೆಗೆದಿಡಿ, ಗೆದ್ದಲು ಬರುವ ಮೊದಲು. ಪಶ್ಚಿಮ ಘಟ್ಟದ ಕಡೆ ಮುಂಗಾರು 1951ರಿಂದ 2015ರೊಳಗೆ ಕಡಿಮೆಯಾದದ್ದು ಭೂವಿಜ್ಞಾನ ಸಚಿವಾಲಯದ 2020ರ ವರದಿಯಲ್ಲೂ ಉಂಟು, ದೇಶಕ್ಕೆ ಒಟ್ಟು ಸುಮಾರು 6 ಶೇಕಡ. ಆದ್ರೆ ನಿಮ್ಮ ಪುಸ್ತಕವನ್ನು ಅದಕ್ಕೆ ಜೋಡಿಸುವ ಮೊದಲು ಕೆಲವು ಪ್ರಶ್ನೆ. ಮಾಪಕ ಅಜ್ಜ ಇಟ್ಟಲ್ಲೇ ಉಂಟಾ? ಬೆಳಗ್ಗೆ ಎಷ್ಟು ಗಂಟೆಗೆ ನೋಡ್ತಾರೆ? ಇಲಾಖೆಯವರು ನೋಡುವುದು 8:30ಕ್ಕೆ. ಸುತ್ತ ಎಂತ ಉಂಟು?

ಎಣ್ಮಕಜೆ ಅಡಿಕೆಮಂಡೆ:
ಜಾಗ ಅದೇ, ಅಂಗಳದ ಮೂಲೆ. ಗಂಟೆ ಅಪ್ಪನ ಪೂಜೆ ಮುಗಿದ ಮೇಲೆ. ಹತ್ರ ಒಂದು ಹಲಸಿನ ಮರ ಉಂಟು. ಅಜ್ಜನ ಕಾಲದಲ್ಲಿ ಸಸಿ, ಈಗ ಗೆಲ್ಲು ಮಾಪಕದ ಮೇಲೆಯೇ ಬಂದಿದೆ. ಕಳೆದ ಮಳೆಗಾಲದಲ್ಲಿ ಒಂದು ದಿನ ಆಲಿಕೆಯೊಳಗೆ ಹಲಸಿನ ಎಲೆ ಕೂತು, ಅದರ ಮೇಲೆ ಜೇಡ ಬಲೆ ಕಟ್ಟಿ, ರಾತ್ರಿಯಿಡೀ ಸುರಿದ್ರೂ ಬಾಟಲಿಯಲ್ಲಿ ಎರಡು ಬೆರಳು ನೀರು. ಅಪ್ಪ ಅಷ್ಟನ್ನೇ ಬರೆದ್ರು.

ಬಾಯಾರು ಟು ಬೆಂಗಳೂರು:
ಮಳೆ ಕಡಿಮೆಯಾದದ್ದಲ್ಲ ಮಾರಾಯ್ರೆ, ಹಲಸು ದೊಡ್ಡದಾದದ್ದು.

ಬದಿಯಡ್ಕ ಬಸ್‌ಸ್ಟ್ಯಾಂಡ್:
ಗೆಲ್ಲು ಕಡಿಯುವುದಾದ್ರೆ ಹಪ್ಪಳಕ್ಕೆ ಕಾಯಿ ಬಲಿತ ಮೇಲೆ ಕಡಿಯಿರಿ, ನಾನು ಬರ್ತೇನೆ.

ಮುಳ್ಳೇರಿಯ ಮಾಸ್ಟ್ರು:
ಕಡಿಯಬೇಡಿ. ಮಾಪಕ ಹಾಗೇ ಇರಲಿ, ಇನ್ನೊಂದನ್ನು ಬಯಲಿನಲ್ಲಿ ಇಟ್ಟು ಒಂದೆರಡು ಮಳೆಗಾಲ ಎರಡನ್ನೂ ಬರೆಯಿರಿ. ಮರ ಎಷ್ಟು ತಿಂತದೆ ಅಂತ ಗೊತ್ತಾದ್ರೆ ಹಳೆ ಲೆಕ್ಕವನ್ನೂ ಸ್ವಲ್ಪ ಮಟ್ಟಿಗೆ ಸರಿ ಮಾಡ್ಬಹುದು. ಮರ, ಮನೆ ಎಷ್ಟು ಎತ್ತರವೋ ಅದರ ಎರಡು ಪಟ್ಟಾದ್ರೂ ದೂರ ಇರ್ಬೇಕು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ 1916ರಲ್ಲಿ ತೆಂಗಿನ ಕೇಂದ್ರವಾಗಿ ಶುರುವಾದದ್ದು, ಅಲ್ಲಿ ಹವೆಯ ಅಳತೆ ಕ್ರಮವಾಗಿ ನಡೀತದೆ. ಹೋಲಿಸ್ಲಿಕ್ಕೆ ಅವರ ಹತ್ರ ಕೇಳ್ಬಹುದು.

ನೀರ್ಚಾಲಿನ ಅಕ್ಕ:
ನಾನೂ ಒಂದು ಇಡ್ತೇನೆ. ಆದ್ರೆ ಅಡಿಕೆ ತೋಟದವರಿಗೆ ಬಯಲು ಅಂದ್ರೆ ಅಂಗಳ ಮಾತ್ರ, ಅಂಗಳದಲ್ಲಿ ಅಡಿಕೆ ಒಣಗ್ತಾ ಉಂಟು. ಮೇ ತನಕ ಮಾಪಕಕ್ಕೆ ಜಾಗ ಇಲ್ಲ.

ಕಡಪ್ಪುರದವ:
ನಮ್ಮಲ್ಲಿ ಬಯಲೇ ಬಯಲು, ಆದ್ರೆ ಗಾಳಿಗೆ ಮಳೆ ಅಡ್ಡ ಬರ್ತದೆ. ಬಾಟಲಿಗೆ ಬೀಳುವುದಕ್ಕಿಂತ ಹೆಚ್ಚು ನಮ್ಮ ಜಗಲಿಗೆ ಬೀಳ್ತದೆ.

ಹಳೇ ಕಾಲದವ:
ನಮ್ಮ ಶಾಲೆಯ ಮೈದಾನದ ಪಡು ಬದಿಯಲ್ಲಿ ಮರ ಇಲ್ಲ. ಮಕ್ಕಳು ಅದನ್ನು ಸ್ಟಂಪ್ ಮಾಡದ ಹಾಗೆ ಬೇಲಿ ಹಾಕ್ಬೇಕು. ಹಳೆ ಸ್ಪ್ರಿಂಕ್ಲರ್ ಪೈಪು ನನ್ನ ಹತ್ರ ಉಂಟು, ಕೊಡ್ತೇನೆ. ಹೆಡ್‌ಮಾಸ್ಟ್ರ ಹತ್ರ ಯಾರು ಮಾತಾಡುವುದು? ಮತ್ತೆ, ಈ ಮಾಪಕಕ್ಕೆ ಎಷ್ಟಾಗ್ತದೆ ಮಾಸ್ಟ್ರೇ, ಒಳ್ಳೆಯದ್ದಕ್ಕೆ?

ಮುಳ್ಳೇರಿಯ ಮಾಸ್ಟ್ರು:
ಹೆಡ್‌ಮಾಸ್ಟ್ರು ನನ್ನ ಶಿಷ್ಯ, ನಾನು ಮಾತಾಡ್ತೇನೆ. ಪ್ಲಾಸ್ಟಿಕ್ಕಿನದ್ದು ಸಾಕು, ಆದ್ರೆ ಗೀಟು ಮಿಲಿಮೀಟರಿನಲ್ಲಿ ಇರುವುದನ್ನೇ ನೋಡಿ ತಗೊಳ್ಳಿ, ಇಂಚಿನದ್ದು ಬೇಡ. ರಜೆಯಲ್ಲಿ ನೋಡುವವರು ಯಾರು ಅಂತ ಮಾತ್ರ ಮೊದಲೇ ತೀರ್ಮಾನ ಮಾಡಿ, ಇಲ್ಲದಿದ್ರೆ ಮೇ ತಿಂಗಳ ಮಳೆ ಪುಸ್ತಕದಲ್ಲೇ ಇರುವುದಿಲ್ಲ.